ಒಂಬತ್ತು ಸಲ ‘ಅದೇ ಜಾಗ’

(ಕಾಡಿಗೆ ಮರಳಿ ಬಿಟ್ಟ ಹಾವುಗಳ ಬೆನ್ನು ಹತ್ತುವ ಇಂಟರ್ನ್‌ಶಿಪ್ ಬಗ್ಗೆ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ಸ್ವಲ್ಪ ಬೆಳೆಸಿದ್ದೇನೆ. ನಗು ಬಾರದ ಎರಡು ಜೋಕುಗಳನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೋಸ್ಟರ್‌ನಲ್ಲಿ ನನ್ನ ಹೆಸರಿನ ಪಕ್ಕ ಹೆಡೆ ಎತ್ತಿದ ಹಾವಿನ ಚಿತ್ರ ಹಾಕಿದ್ದಾರೆ. ಚೆನ್ನಾಗಿದೆ. ಆದರೆ ನಾನು ಬೆನ್ನು ಹತ್ತಿ ಅಲೆದ ಹಾವಿಗೆ ಹೆಡೆಯೇ ಇಲ್ಲ. ವಿಷವೂ ಇಲ್ಲ. ಐದೂವರೆ ತಿಂಗಳಲ್ಲಿ ತಲೆಯಿಂದ ಬಾಲದವರೆಗೆ ಪೂರ್ತಿ ಹಾವು ನೋಡಿದ್ದು ಹನ್ನೊಂದು ಸಲ. ಮುಟ್ಟಿದ್ದು ಎರಡು ಸಲ. ಉಳಿದ ದಿನವೆಲ್ಲ ಸದ್ದು ಕೇಳಿದ್ದಷ್ಟೇ. ಆ ಸದ್ದು ಕೂಡ ಹಾವಿನದ್ದಲ್ಲ, ಅದರ ಹೊಟ್ಟೆಯೊಳಗೆ ಇಟ್ಟ ಯಂತ್ರದ್ದು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವನ್ಯಜೀವಿ ಇಂಟರ್ನ್‌ಶಿಪ್ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನ ಕೈಯಲ್ಲಿ ಹಾವು ಹಿಡಿದು ನಿಂತ ಫೋಟೋವನ್ನು ಮನಸ್ಸಿನಲ್ಲೇ ತೆಗೆದುಕೊಂಡಿರುತ್ತೀರಿ. ನಾನೂ ತೆಗೆದುಕೊಂಡಿದ್ದೆ.

ಹಾವಿನ ಹೆಸರು ಈಸ್ಟರ್ನ್ ಇಂಡಿಗೋ. ಅಮೆರಿಕದ ಆಗ್ನೇಯ ಭಾಗದ್ದು. ಆ ದೇಶದ ಸ್ವಂತ ಹಾವುಗಳಲ್ಲೆಲ್ಲ ಉದ್ದನೆಯದು ಇದೇ. ದೊಡ್ಡ ಗಂಡು 8 ಅಡಿ ಮುಟ್ಟುತ್ತದೆ. ನೆರಳಿನಲ್ಲಿ ನೋಡಿದರೆ ಬರೀ ಕಪ್ಪು. ಬಿಸಿಲು ಬಿದ್ದರೆ ಮೈಯೆಲ್ಲ ನೀಲಿ ಹೊಳಪು. ಗದ್ದದ ಹತ್ತಿರ ಒಂದಿಷ್ಟು ಕೆಂಪು. ಕಪ್ಪೆ, ಇಲಿ, ಆಮೆ ಮರಿ ತಿನ್ನುತ್ತದೆ. ಬೇರೆ ಹಾವುಗಳನ್ನೂ ತಿನ್ನುತ್ತದೆ, ವಿಷದ ರ‍್ಯಾಟಲ್‌ಸ್ನೇಕ್ ಸೇರಿ. ಹೆಬ್ಬಾವಿನ ಹಾಗೆ ಸುತ್ತಿ ಹಿಸುಕುವ ವಿದ್ಯೆ ಇದಕ್ಕೆ ಬರುವುದಿಲ್ಲ. ಸುಮ್ನೆ ಬಾಯಲ್ಲಿ ಕಚ್ಚಿ ಹಿಡಿದು, ಅಗಿದು, ಒಳಗೆ ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಆದರೂ ಮನುಷ್ಯರ ಹತ್ತಿರ ತುಂಬಾ ಸಾಧು. ಬುಸ್ ಅಂತ ಸದ್ದು ಮಾಡಿ, ಕತ್ತು ಚಪ್ಪಟೆ ಮಾಡಿ, ಬಾಲ ಅಲ್ಲಾಡಿಸಿ ಹೆದರಿಸಲು ನೋಡುತ್ತದೆ. ಕಚ್ಚುವುದು ಅಪರೂಪ.

ಆ ಸಾಧು ಸ್ವಭಾವವೇ ಅದಕ್ಕೆ ಮುಳುವಾಯಿತು. ಮನೆಯಲ್ಲಿ ಸಾಕುವ ಶೋಕಿಗೆ ಜನ ಹಿಡಿದು ಮಾರಿದರು. 1978ರಲ್ಲಿ ಅಮೆರಿಕ ಸರ್ಕಾರ ಇದನ್ನು ‘ಅಪಾಯದಲ್ಲಿರುವ ಜೀವಿ’ ಅಂತ ಕಾನೂನಿನ ರಕ್ಷಣೆಗೆ ತಂದಿತು. ಆದರೆ ಹಿಡಿಯುವವರಿಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕಾಡೇ ಹೋದದ್ದು. ಲಾಂಗ್‌ಲೀಫ್ ಪೈನ್ ಅನ್ನುವ ಮರದ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಇತ್ತು. ಕಡಿದು ಕಡಿದು ಒಂದು ಹಂತದಲ್ಲಿ ಸುಮಾರು 30 ಲಕ್ಷ ಎಕರೆಗೆ ಇಳಿಯಿತು. ಈ ಕಾಡಿಗೆ ಎರಡು ಮೂರು ವರ್ಷಕ್ಕೊಮ್ಮೆ ನೆಲಬೆಂಕಿ ಬೀಳಬೇಕು. ಇಲ್ಲದಿದ್ದರೆ ಪೊದೆ ಬೆಳೆದು ನೆಲಕ್ಕೆ ಬಿಸಿಲೇ ಸಿಗುವುದಿಲ್ಲ. ಬೆಂಕಿ ಕೆಟ್ಟದ್ದು ಅಂತ ದಶಕಗಟ್ಟಲೆ ಆರಿಸುತ್ತಾ ಬಂದರು. ಉಳಿದ ಕಾಡೂ ಹಾಗೆ ಕೆಟ್ಟಿತು.

ನೆಲಕ್ಕೆ ಬಿಸಿಲು ಬೀಳದಿದ್ದರೆ ಹಾವಿಗೇನು ಅಂತ ಕೇಳಬಹುದು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ ಅಂತ ಒಂದು ಮಾತಿದೆಯಲ್ಲ? ಅಲ್ಲಿ ಗೆದ್ದಲಿನ ಜಾಗದಲ್ಲಿ ಒಂದು ಆಮೆ ಇದೆ. ಗೋಫರ್ ಆಮೆ. ನೆಲದ ಮೇಲೆ ಬದುಕುವ, ಹುಲ್ಲು ತಿನ್ನುವ ಆಮೆ. ಮರಳು ನೆಲದಲ್ಲಿ 15 ಅಡಿ, ಕೆಲವು ಸಲ ಅದಕ್ಕಿಂತ ಜಾಸ್ತಿ ಉದ್ದದ ಬಿಲ ತೋಡುತ್ತದೆ. ಬಿಲದ ಬಾಯಿ ನೋಡಿದರೇ ಗೊತ್ತಾಗುತ್ತದೆ: ಕೆಳಗೆ ಚಪ್ಪಟೆ, ಮೇಲೆ ಕಮಾನು. ಥೇಟ್ ಆಮೆಯನ್ನು ಮುಂದಿನಿಂದ ನೋಡಿದ ಆಕಾರ. ಮುಂದೆ ತೋಡಿ ಹಾಕಿದ ಮರಳಿನ ಅಂಗಳ. ಆ ಬಿಲಗಳಲ್ಲಿ 350ಕ್ಕೂ ಹೆಚ್ಚು ಬಗೆಯ ಜೀವಿಗಳು ಆಶ್ರಯ ಪಡೆಯುತ್ತವೆ. ಚಳಿಗಾಲದಲ್ಲಿ ನಮ್ಮ ಇಂಡಿಗೋ ಹಾವಿಗೆ ಇದೇ ಮನೆ. ಬಿಸಿಲಿಲ್ಲದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಆಮೆ ಇಲ್ಲ, ಆಮೆ ಇಲ್ಲದಿದ್ದರೆ ಬಿಲ ಇಲ್ಲ. ಇದು ಸಾಲದು ಅಂತ ರ‍್ಯಾಟಲ್‌ಸ್ನೇಕ್ ಹಿಡಿಯುವವರು ಬಿಲದೊಳಗೆ ಪೆಟ್ರೋಲ್ ಹೊಗೆ ಬಿಡುತ್ತಿದ್ದರು. ಅವರಿಗೆ ಬೇಕಾದ್ದು ಒಂದು ಹಾವು. ಒಳಗಿದ್ದವೆಲ್ಲ ಒದ್ದಾಡಿದವು.

ಈ ಹಾವನ್ನು ಮರಳಿ ತರುವ ಕೆಲಸ ಹೊಸದೇನಲ್ಲ. ಆಬರ್ನ್ ವಿಶ್ವವಿದ್ಯಾಲಯದ ಡ್ಯಾನ್ ಸ್ಪೀಕ್ ಮತ್ತು ಅವರ ತಂಡ 1970ರ ದಶಕದ ಕೊನೆ, 80ರ ದಶಕದಲ್ಲಿ 500ಕ್ಕೂ ಹೆಚ್ಚು ಹಾವುಗಳನ್ನು ಸಾಕಿ ಕಾಡಿಗೆ ಬಿಟ್ಟರು. ಬೇರೆ ಬೇರೆ ಕಡೆ ಸ್ವಲ್ಪ ಸ್ವಲ್ಪ ಹಂಚಿ ಬಿಟ್ಟರು. ಎಲ್ಲೂ ನೆಲೆ ನಿಲ್ಲಲಿಲ್ಲ. ಅವರನ್ನು ಈಗ ಕೂತು ಟೀಕೆ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ಅವರು ಕಲಿತದ್ದರ ಮೇಲೇ ಎರಡನೇ ಪ್ರಯತ್ನ ನಿಂತಿದೆ. ಒಂದೇ ಕಡೆ ತುಂಬಾ ಬಿಡಬೇಕು, ವರ್ಷ ವರ್ಷ ಬಿಡಬೇಕು, ಬಿಟ್ಟ ಮೇಲೆ ಏನಾಯಿತು ಅಂತ ಬೆನ್ನು ಹತ್ತಿ ನೋಡಬೇಕು.

2010ರಲ್ಲಿ ಅಲಬಾಮಾದ ಕನೆಕಾ ರಾಷ್ಟ್ರೀಯ ಅರಣ್ಯದಲ್ಲಿ 17 ಹಾವುಗಳಿಂದ ಇದು ಶುರುವಾಯಿತು. ಅಲ್ಲಿಯ ಗುರಿ ಒಟ್ಟು 300. 2017ರಲ್ಲಿ ಉತ್ತರ ಫ್ಲಾರಿಡಾದ ಅಪಲಾಚಿಕೋಲಾ ಬ್ಲಫ್ಸ್ ಅಂಡ್ ರವೀನ್ಸ್ ಪ್ರಿಸರ್ವ್ ಅನ್ನುವ ಸಂರಕ್ಷಿತ ಕಾಡಿನಲ್ಲಿ 12 ಹಾವು ಬಿಟ್ಟರು. ಅಲ್ಲಿ ಕಾಡಿನ ಇಂಡಿಗೋ ಕೊನೆಯದಾಗಿ ಕಂಡದ್ದು 1982ರಲ್ಲಿ. ಮೊಟ್ಟೆಯಿಂದ ಬಂದ ಮರಿಯನ್ನು ಹಾಗೇ ಬಿಟ್ಟರೆ ಹದ್ದು, ರಕೂನ್, ಬೇರೆ ಹಾವು ಎಲ್ಲಕ್ಕೂ ಊಟ. ಅದಕ್ಕೆ ಸುಮಾರು ಎರಡು ವರ್ಷ ಸಾಕಿ, ಮೈ ಬಂದ ಮೇಲೆ ಬಿಡುತ್ತಾರೆ.

ಬಿಟ್ಟ ಮೇಲೆ ಯಾರು ನೋಡಬೇಕು? ಅಲ್ಲಿ ಇಂಟರ್ನ್ ಬರುತ್ತಾನೆ. ಅಥವಾ ಬರುತ್ತಾಳೆ.

ಹಾವಿನ ಹೆಜ್ಜೆ ಹಾವೇ ಬಲ್ಲದು ಅನ್ನುತ್ತಾರೆ. ಹೆಜ್ಜೆಯೇ ಇಲ್ಲದ ಪ್ರಾಣಿಯ ಹೆಜ್ಜೆ ಹುಡುಕುವುದು ನಮ್ಮ ಕೆಲಸ. ಪಶುವೈದ್ಯರು ಹಾವಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯ ಒಳಗೆ ಒಂದು ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹೊಲಿಯುತ್ತಾರೆ. ಅದರ ತಂತಿ ಚರ್ಮದ ಕೆಳಗೆ ಮಲಗಿರುತ್ತದೆ. ಪ್ರತಿ ಹಾವಿಗೂ ಬೇರೆ ಫ್ರೀಕ್ವೆನ್ಸಿ. ನಮ್ಮ ಕೈಯಲ್ಲಿ ಹಳೇ ಟಿವಿ ಆಂಟೆನಾದ ತಮ್ಮನ ಹಾಗೆ ಕಾಣುವ ಒಂದು ಆಂಟೆನಾ, ಹೆಗಲಿಗೆ ರಿಸೀವರ್, ಕಿವಿಗೆ ಹೆಡ್‌ಫೋನ್. ಸುತ್ತ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಬೀಪ್ ಜೋರಾಗುತ್ತದೆ. ಆ ಕಡೆ ನಡೆಯಬೇಕು. ಜೋರಾದ ಹಾಗೆಲ್ಲ ರಿಸೀವರ್‌ನ ಗೇನ್, ಅಂದರೆ ಸದ್ದು ಹಿಡಿಯುವ ಶಕ್ತಿ, ಇಳಿಸುತ್ತಾ ಹೋಗಬೇಕು. ಇಲ್ಲದಿದ್ದರೆ ಎಲ್ಲ ದಿಕ್ಕಿನಲ್ಲೂ ಒಂದೇ ಜೋರು, ಏನೂ ಗೊತ್ತಾಗುವುದಿಲ್ಲ. ಕೊನೆಯ ಕೆಲವು ಅಡಿಗೆ ಆಂಟೆನಾ ಕಳಚಿ, ಬರೀ ಕೇಬಲ್ ಹಿಡಿದು ನೆಲದ ಮೇಲೆ ಆಡಿಸುತ್ತೇವೆ. ನೋಡುವವರಿಗೆ ಹುಚ್ಚರ ಹಾಗೆ ಕಾಣುತ್ತೇವೆ. ನೋಡುವವರು ಯಾರೂ ಇರುವುದಿಲ್ಲ ಅನ್ನುವುದೇ ಸಮಾಧಾನ.

ಸಿಕ್ಕ ಮೇಲೆ ಬರೆಯಬೇಕು. ಜಿಪಿಎಸ್ ಗುರುತು, ಸಮಯ, ಗಾಳಿಯ ಬಿಸಿ, ಬಿಲವಾ, ಮರದ ಬುಡವಾ, ನೀರಾ, ಹಾವು ಕಂಡಿತಾ ಇಲ್ಲವಾ, ಕಂಡರೆ ಏನು ಮಾಡುತ್ತಿತ್ತು. ಸಿಗದಿದ್ದರೆ ಅದನ್ನೂ ಬರೆಯಬೇಕು, ಎಲ್ಲೆಲ್ಲಿ ಹುಡುಕಿದೆ ಅನ್ನುವುದರ ಸಮೇತ. ಇನ್ನೊಂದು ಕಾಲಂ ಇತ್ತು, ನನಗೆ ತುಂಬಾ ಇಷ್ಟವಾದದ್ದು. ಹತ್ತು ಬೀಪ್‌ಗೆ ಎಷ್ಟು ಸೆಕೆಂಡು? ನಾವು ಬಳಸುತ್ತಿದ್ದ ಟ್ರಾನ್ಸ್‌ಮಿಟರ್ ಬಿಸಿಗೆ ತಕ್ಕಂತೆ ಬಡಿಯುತ್ತದೆ. ಬಿಸಿಯಾದರೆ ಬೀಪ್ ಬೇಗ ಬೇಗ, ತಣ್ಣಗಾದರೆ ನಿಧಾನ. ಸ್ಟಾಪ್‌ವಾಚ್ ಒತ್ತಿ ಎಣಿಸಿದರೆ ಮಣ್ಣಿನ ಒಳಗಿರುವ, ಕಣ್ಣಿಗೆ ಕಾಣದ ಹಾವಿನ ಮೈ ಎಷ್ಟು ಬಿಸಿ ಅಂತ ಲೆಕ್ಕ ಹಾಕಬಹುದು. ಮೊದಲ ಸಲ ಮಾಡಿದಾಗ ಮೈ ಜುಂ ಅಂದಿತ್ತು.

ಎರಡನೇ ತಿಂಗಳಿಗೆ ಜುಂ ಅನ್ನುವುದು ನಿಂತುಹೋಯಿತು. ನನ್ನ ತಪ್ಪಿನ ಕಥೆ ಶುರುವಾಗುವುದು ಅಲ್ಲಿಂದ.

ನನ್ನ ಪಾಲಿಗೆ ಬಂದ ಹಾವುಗಳಲ್ಲಿ ಒಂದು ಹೆಣ್ಣು. ಹೆಸರಿಲ್ಲ, ನಂಬರ್ ಮಾತ್ರ. ಬಿಟ್ಟ ಮೊದಲ ಕೆಲವು ದಿನ ಸ್ವಲ್ಪ ಅಲೆದು, ಮರಳು ದಿಬ್ಬದ ಒಂದು ಆಮೆ ಬಿಲ ಸೇರಿತು. ಅಲ್ಲಿಗೆ ನಾನು ನಡೆದೇ ಹೋಗಿ ನೋಡಿದ್ದೆ. ಮರಳಿನ ಅಂಗಳದಲ್ಲಿ ನಯವಾಗಿ ಎಳೆದ ಗೆರೆ, ಬೀಪ್ ನೇರ ಬಿಲದ ಒಳಗಿಂದ. ಸರಿ, ಬರೆದುಕೊಂಡೆ. ಎರಡು ದಿನ ಬಿಟ್ಟು ಹೋದೆ. ಕಾಡು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಆಂಟೆನಾ ಎತ್ತಿದರೆ ಬೀಪ್ ಅದೇ ದಿಕ್ಕಿನಿಂದ. ಬಿಲಕ್ಕೆ ಅಲ್ಲಿಂದ ನೂರು ಹೆಜ್ಜೆ. ನಡುವೆ ಮುಳ್ಳಿನ ಬಳ್ಳಿ, ಕಾಲಿಗೆ ಹತ್ತುವ ಉಣ್ಣಿ. ಆ ದಿನ ಇನ್ನೂ ಆರು ಹಾವು ಬಾಕಿ. ಡೇಟಾ ಶೀಟ್‌ನಲ್ಲಿ ‘ಅದೇ ಜಾಗ’ ಅಂತ ಬರೆದೆ. ರಸ್ತೆಯಲ್ಲೇ ನಿಂತು ಹತ್ತು ಬೀಪ್ ಎಣಿಸಿ ಸೆಕೆಂಡೂ ಬರೆದೆ. ಮುಂದೆ ಹೋದೆ.

ಹಾಗೆ ಒಂಬತ್ತು ಸಲ ಬರೆದೆ. ಮೂರು ವಾರ.

ಹತ್ತನೇ ಸಲ ನನ್ನ ಜೊತೆ ಮೇಲ್ವಿಚಾರಕಿ ಬಂದಿದ್ದರು. ಅವರು ರಸ್ತೆಯಲ್ಲಿ ನಿಲ್ಲಲೇ ಇಲ್ಲ, ಸೀದಾ ನಡೆದರು. ಬಿಲದ ಹತ್ತಿರ ಹೋದರೆ ಬೀಪ್ ಬಿಲದಿಂದ ಬರುತ್ತಿಲ್ಲ. ಅಲ್ಲಿಂದ ಇಪ್ಪತ್ತು ಅಡಿ ಆಚೆ, ಹುಲ್ಲಿನ ಬುಡದಲ್ಲಿ ಟ್ರಾನ್ಸ್‌ಮಿಟರ್ ಬಿದ್ದಿತ್ತು. ತಂತಿ ಮಡಚಿಹೋಗಿತ್ತು. ಪಕ್ಕದಲ್ಲಿ ಒಂದಷ್ಟು ಪಕ್ಕೆಲುಬು, ಸೂಜಿಯ ಹಾಗೆ ಬಿಳಿ. ಯಾವ ಪ್ರಾಣಿಯ ಕೆಲಸ ಅಂತ ಹೇಳಲು ಏನೂ ಉಳಿದಿರಲಿಲ್ಲ.

ಅವರು ಬೈಯಲಿಲ್ಲ. ಗಾಡಿಯ ಬಾನೆಟ್ ಮೇಲೆ ನನ್ನ ಶೀಟುಗಳನ್ನು ಸಾಲಾಗಿ ಹರಡಿ, ಬೀಪ್ ಕಾಲಂ ಮೇಲೆ ಬೆರಳಿಟ್ಟರು. ಬೆಳಿಗ್ಗೆ ಹೋದ ದಿನ ಹತ್ತು ಬೀಪ್‌ಗೆ 15 ಸೆಕೆಂಡು. ಮಧ್ಯಾಹ್ನ ಹೋದ ದಿನ 10. ಮೋಡದ ದಿನ 13. ಗಾಳಿಯ ಬಿಸಿಯ ಕಾಲಂ ಪಕ್ಕದಲ್ಲೇ ಇತ್ತು, ಎರಡೂ ಕೈ ಹಿಡಿದುಕೊಂಡು ಏರಿ ಇಳಿದಿದ್ದವು. ಬಿಲದ ಆಳದಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಅದೇ ಬಿಲದಲ್ಲಿ ಮಲಗಿದ್ದರೆ ಬೀಪ್ ಹೆಚ್ಚು ಕಡಿಮೆ ಒಂದೇ ಗತಿಯಲ್ಲಿ ಇರಬೇಕಿತ್ತು. ಇದು ಬಿಸಿಲಲ್ಲಿ ಬಿದ್ದಿರುವ ವಸ್ತುವಿನ ಲೆಕ್ಕ. ಅಂದರೆ ಯಂತ್ರ ಮೂರು ವಾರ ನನಗೆ ನಿಜ ಹೇಳುತ್ತಲೇ ಇತ್ತು. ನನ್ನ ಕೈ ಅದನ್ನು ಬರೆದುಕೊಂಡಿತ್ತು ಕೂಡ. ನಾನು ಮಾತ್ರ ಓದಿರಲಿಲ್ಲ.

ಒಂದು ಹಾವು ಸತ್ತದ್ದು ನನ್ನಿಂದಲ್ಲ. ನಾನು ದಿನಾ ಹೋಗಿ ನೋಡಿದ್ದರೂ ಅದು ಸಾಯುತ್ತಿತ್ತು. ಆದರೆ ಯಾವಾಗ ಸತ್ತಿತು ಅನ್ನುವುದನ್ನು ಕಳೆದದ್ದು ನಾನು. ಅದರಿಂದ ಏನಾಗುತ್ತದೆ ನೋಡಿ. ಬಿಟ್ಟ ಮೊದಲ ವಾರದಲ್ಲೇ ಸತ್ತಿದ್ದರೆ ಬಿಡುವ ರೀತಿಯಲ್ಲೇ ಏನೋ ಕೊರತೆ ಇರಬಹುದು. ಹಾವಿಗೆ ಜಾಗ ಹೊಂದಿಲ್ಲ, ಮರೆ ಸೇರುವುದು ಗೊತ್ತಾಗಿಲ್ಲ. ಆಗ ನೇರ ಬಿಡುವ ಬದಲು ಬೇಲಿ ಹಾಕಿದ ಆವರಣದಲ್ಲಿ ಕೆಲವು ಕಾಲ ಇಟ್ಟು ಬಿಡಬೇಕಾ ಅಂತ ಯೋಚಿಸಬೇಕು. ತಿಂಗಳು ಕಳೆದು ಸತ್ತಿದ್ದರೆ ಅದು ಕಾಡಿನ ಲೆಕ್ಕ: ಹದ್ದು, ರಸ್ತೆ, ರೋಗ. ಎರಡಕ್ಕೂ ಮದ್ದು ಬೇರೆ. ನನ್ನ ಹಾವಿನ ಸಾಲಿನಲ್ಲಿ ಕೊನೆಗೆ ಬರೆದದ್ದು, ಈ ದಿನಕ್ಕೂ ಆ ದಿನಕ್ಕೂ ನಡುವೆ ಯಾವಾಗಲೋ ಅಂತ. ನೂರು ಹೆಜ್ಜೆ ಉಳಿಸಿದ್ದಕ್ಕೆ.

ಎಲ್ಲ ಕಡೆಯೂ ಹೀಗೆ ಉತ್ತರ ಹುಡುಕಿ ಒದ್ದಾಡಬೇಕು ಅಂತಿಲ್ಲ. ಕೆರಿಬಿಯನ್‌ನ ಆಂಟಿಗುವಾ ರೇಸರ್ ಅನ್ನುವ ಹಾವು 1995ರಲ್ಲಿ ಒಂದು ಪುಟ್ಟ ದ್ವೀಪದಲ್ಲಿ ಸುಮಾರು 50 ಮಾತ್ರ ಉಳಿದಿತ್ತು. ಕಾರಣ ಕಣ್ಣೆದುರೇ ಇತ್ತು, ಹೊರಗಿನಿಂದ ಬಂದ ಇಲಿ. ಮೊದಲು ದ್ವೀಪಗಳಿಂದ ಇಲಿ ತೆಗೆದರು, ಆಮೇಲೆ ಹತ್ತಿರದ ದ್ವೀಪಗಳಿಗೂ ಹಾವು ಬಿಟ್ಟರು. ಮುಂದೆ ಸಂಖ್ಯೆ ಸಾವಿರ ದಾಟಿತು. ದ್ವೀಪಕ್ಕೆ ಅಂಚು ಇದೆ, ಹಾವು ಎಲ್ಲಿಗೂ ಹೋಗಲಾರದು. ನಮ್ಮ ಇಂಡಿಗೋಗೆ ಅಂಚೇ ಇಲ್ಲ. ಚಳಿಗಾಲದಲ್ಲಿ ದಿಬ್ಬದ ಬಿಲ, ಬೇಸಿಗೆಯಲ್ಲಿ ಜೌಗು. ಗಂಡು ಹಾವಂತೂ ನೂರಾರು ಎಕರೆ ಅಲೆಯುತ್ತದೆ. ನಡುವೆ ಒಂದು ಡಾಂಬರು ರಸ್ತೆ ಬಂದರೆ ಮುಗಿಯಿತು.

ಈಗ ಅರ್ಜಿ ಹಾಕುವವರಿಗೆ ಎರಡು ಮಾತು. ಜಾಹೀರಾತಿನಲ್ಲಿ ಭಾರ ಹೊತ್ತು ದಿನಕ್ಕೆ ಇಷ್ಟು ದೂರ ನಡೆಯಬೇಕು, ಸೆಖೆ ತಡೆಯಬೇಕು, ಒಬ್ಬರೇ ಕೆಲಸ ಮಾಡಬೇಕು ಅಂತ ಬರೆದಿರುತ್ತಾರೆ. ಅದು ಅಲಂಕಾರಕ್ಕೆ ಬರೆದದ್ದಲ್ಲ. ಬೇಟೆಯ ಕಾಲದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕದೆ ಕಾಡಿಗೆ ಇಳಿಯುವಂತಿಲ್ಲ. ನೆಲಬೆಂಕಿ ಹಾಕುವ ದಿನ ಆ ತಂಡದವರನ್ನು ಕೇಳದೆ ಹೋಗುವಂತಿಲ್ಲ. ಗುಡುಗು ಬಂದರೆ ಕೈಯಲ್ಲಿ ಲೋಹದ ಆಂಟೆನಾ ಎತ್ತಿ ನಿಂತವರು ನೀವೇ ಅನ್ನುವುದು ನೆನಪಿರಲಿ. ಹಾವನ್ನು ಹಿಡಿಯಲು ಸರ್ಕಾರದ ಪರವಾನಗಿ ಬೇಕು. ಅದು ಇಂಟರ್ನ್ ಹೆಸರಿನಲ್ಲಿ ಇರುವುದಿಲ್ಲ. ಪರವಾನಗಿ ಇರುವವರು ಹೇಳಿದಾಗ, ಹೇಳಿದಷ್ಟು ಮಾತ್ರ ಮುಟ್ಟಬೇಕು. ಜಿಪಿಎಸ್ ಗುರುತಿರುವ ಫೋಟೋ ಹಾಕಲೇಬೇಡಿ. ಕದಿಯುವವರೂ ಫೋಟೋ ನೋಡುತ್ತಾರೆ.

ದುಡ್ಡಿನ ವಿಷಯ ಯಾರೂ ಕೇಳುವುದಿಲ್ಲ, ನಾಚಿಕೆ. ಕೇಳಿ. ಕೆಲವು ಕಡೆ ಇರಲು ಕೋಣೆ, ಕೈಗೆ ಒಂದಿಷ್ಟು ಹಣ ಕೊಡುತ್ತಾರೆ. ಕೆಲವು ಕಡೆ ‘ಅನುಭವ’ ಕೊಡುತ್ತಾರೆ. ಅನುಭವ ತಿಂದು ಬದುಕುವವರನ್ನು ನಾನು ಕಂಡಿಲ್ಲ. ಬಿಟ್ಟಿ ಇಂಟರ್ನ್‌ಶಿಪ್ ಅಂದರೆ ಮನೆಯಿಂದ ಹಣ ಬರುವವರಿಗೆ ಮಾತ್ರ ಬಾಗಿಲು ತೆರೆದ ಹಾಗೆ. ಹಾವಿನ ಮೇಲೆ ಪ್ರೀತಿ ಇರುವುದು ಅವರಿಗೆ ಮಾತ್ರವಾ? ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಸಂದರ್ಶನದಲ್ಲಿ ಹಾವು ಹಿಡಿದ ಸಾಹಸ ಹೇಳಬೇಡಿ. ಬೇಜಾರಿನ ಕೆಲಸವನ್ನು ಸರಿಯಾಗಿ ಮಾಡಿದ್ದು ಏನಾದರೂ ಇದ್ದರೆ ಅದನ್ನು ಹೇಳಿ. ಒಂದು ವರ್ಷ ದಿನಾ ಮಳೆ ಅಳೆದು ಬರೆದಿದ್ದೀರಾ? ಸಾಕು.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಹಾವಿನ ಹೊಟ್ಟೆ ಕೊಯ್ದು ಯಂತ್ರ ಇಡುವುದು ಹಿಂಸೆಯಲ್ಲವಾ ಅಂತ ಒಬ್ಬರು ಕೇಳಿದರು. ಹೌದು, ಹಾವಿಗೆ ಅದು ಕಷ್ಟವೇ. ಅದಕ್ಕೇ ಯಂತ್ರದ ತೂಕ ಹಾವಿನ ತೂಕದ ಒಂದು ಚಿಕ್ಕ ಪಾಲನ್ನು ಮೀರದ ಹಾಗೆ ನೋಡಿಕೊಳ್ಳುತ್ತಾರೆ. ಗಾಯ ಮಾಯುವ ತನಕ ಬಿಡುವುದಿಲ್ಲ. ಬಿಟ್ಟ ಎಲ್ಲ ಹಾವಿಗೂ ಯಂತ್ರ ಇಡಬೇಕಾಗಿಯೂ ಇಲ್ಲ. ಆದರೆ ಇಷ್ಟು ನೋವು ಕೊಟ್ಟ ಮೇಲೆ ಅದರಿಂದ ಬಂದ ಮಾಹಿತಿಯನ್ನು ರಸ್ತೆಯಲ್ಲಿ ನಿಂತು ಹಾಳು ಮಾಡುವುದು ಇದೆಯಲ್ಲ, ನನಗೆ ಅದು ಇನ್ನೂ ಚುಚ್ಚುತ್ತದೆ.

ಕೊನೆಗೆ ಇದು ಗೆಲ್ಲುತ್ತಿದೆಯಾ ಅಂತ ಇನ್ನೊಬ್ಬರು. ಗೊತ್ತಾಗುವ ಬಗೆ ತಮಾಷೆಯಾಗಿದೆ. ಬಿಡುವ ಪ್ರತಿ ಹಾವಿನ ಚರ್ಮದ ಕೆಳಗೆ ಅಕ್ಕಿ ಕಾಳಿನಷ್ಟು ಒಂದು ಚಿಪ್ ಇರುತ್ತದೆ. ಸ್ಕ್ಯಾನರ್ ಹಿಡಿದರೆ ಕುಂಯ್ ಅಂದು ನಂಬರ್ ತೋರಿಸುತ್ತದೆ. ಕಾಡಿನಲ್ಲಿ ಒಂದು ಮರಿ ಸಿಕ್ಕಿ, ತಲೆಯಿಂದ ಬಾಲದವರೆಗೆ ಸ್ಕ್ಯಾನರ್ ಆಡಿಸಿದರೂ ಸದ್ದೇ ಇಲ್ಲ ಅಂದರೆ? ಅದನ್ನು ಯಾರೂ ಬಿಟ್ಟದ್ದಲ್ಲ, ಅಲ್ಲೇ ಹುಟ್ಟಿದ್ದು. ಅಲಬಾಮಾದಲ್ಲಿ 2020ರಲ್ಲಿ ಕಾಡಲ್ಲೇ ಹುಟ್ಟಿದ ಒಂದು ಹಾವು ಸಿಕ್ಕಿತು, 2022ರಲ್ಲಿ ಇನ್ನೊಂದು. ಫ್ಲಾರಿಡಾದ ಆ ಪ್ರಿಸರ್ವ್‌ನಲ್ಲಿ 2023ರಲ್ಲಿ ಎರಡು. ಇಷ್ಟು ವರ್ಷಕ್ಕೆ ಇಷ್ಟೇನಾ ಅನ್ನಬಹುದು. ಯಂತ್ರ ಹೊತ್ತ ದೊಡ್ಡ ಹಾವೇ ಹತ್ತು ಅಡಿ ದೂರದಲ್ಲಿದ್ದರೂ ನನಗೆ ಕಾಣುತ್ತಿರಲಿಲ್ಲ. ಯಂತ್ರವೇ ಇಲ್ಲದ ಮರಿ ಕಣ್ಣಿಗೆ ಬಿದ್ದದ್ದೇ ದೊಡ್ಡದು.

ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಕೇಳಿದಳು, ‘ಕೊನೇ ದಿನ ಏನು ಬರೆದ್ರಿ?’ ಅಂತ. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಕೊನೆಯ ದಿನ ಜುಲೈ ತಿಂಗಳು. ಕೊನೆಯ ಹಾವು ಒಂದು ಗಂಡು. ಬೇಸಿಗೆಗೆ ದಿಬ್ಬ ಬಿಟ್ಟು ಜೌಗಿಗೆ ಇಳಿದಿತ್ತು. ಬೀಪ್ ನೀರಿನ ಆಚೆಯ ಪೊದೆಯಿಂದ ಬರುತ್ತಿತ್ತು. ದಂಡೆಯಲ್ಲೇ ನಿಂತು ದಿಕ್ಕು ಬರೆದುಕೊಂಡಿದ್ದರೂ ಆಗುತ್ತಿತ್ತು, ಮಧ್ಯಾಹ್ನ ಗಾಡಿ ಒಪ್ಪಿಸಿ ಹೊರಡಬೇಕಿತ್ತು. ಮೊಣಕಾಲು ನೀರಿಗೆ ಇಳಿದೆ. ಶೂ ಒಳಗೆ ಕೆಸರು. ಪೊದೆಯ ಹತ್ತಿರ ಹೋಗಿ, ಆಂಟೆನಾ ಕಳಚಿ, ಕೇಬಲ್ ಹಿಡಿದು ಸುತ್ತ ಬಂದೆ. ನಾಲ್ಕು ಅಡಿ ಒಳಗೆ ಎಲ್ಲೋ ಇತ್ತು. ಹತ್ತು ಬೀಪ್ ಎಣಿಸಿದೆ. ಶೀಟ್‌ಗೆ ನೀರು ತಾಗದ ಹಾಗೆ ಎದೆಗೆ ಹಿಡಿದುಕೊಂಡು ಬರೆದೆ: ‘ಹತ್ತಿರ ಹೋಗಿದ್ದೇನೆ. ಪೊದೆಯ ಒಳಗೆ, ನೀರಿನ ಅಂಚು. ಕಾಣಲಿಲ್ಲ.’